ಗಡ್ಡಪ್ಪ ಕಟ್ಟಿಕೊಟ್ಟ ಮೀಸೆ

ರಂಗಮಂದಿರದಲ್ಲಿ ಅವನನ್ನು ಎಲ್ಲರೂ ಗಡ್ಡಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಗಡ್ಡವಿತ್ತೆಂದಲ್ಲ. ಐವತ್ತೈದು ದಾಟಿದರೂ ಗಲ್ಲದ ಮೇಲೆ ಏಳೆಂಟು ಕೂದಲಿಗಿಂತ ಹೆಚ್ಚು ಹುಟ್ಟಿರಲಿಲ್ಲ, ಮೇಲ್ದುಟಿಯಂತೂ ಬಟ್ಟಬಯಲು. ಆದರೆ ಮೂವತ್ತೊಂದು ವರ್ಷದಿಂದ ಆ ವೇದಿಕೆಯ ಮೇಲೆ ಬಂದುಹೋದ ರಾಜರು, ಸೇನಾಪತಿಗಳು, ಕಳ್ಳರು, ಹೆಂಡತಿಗೆ ಹೆದರುವ ಗುಮಾಸ್ತರು, ಎಲ್ಲರ ಗಡ್ಡಮೀಸೆಯೂ ಹುಟ್ಟಿದ್ದು ಅವನ ಕೈಯಿಂದಲೇ.

ಅವನ ಕೋಣೆ ಇದ್ದದ್ದು ವೇದಿಕೆಯ ಅಡಿಯಲ್ಲಿ. ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಮೇಲೆ ತಾಲೀಮು ನಡೆಯುತ್ತಿದ್ದರೆ ಹಲಗೆಗಳ ಸಂದಿಯಿಂದ ಧೂಳು ಉದುರುತ್ತಿತ್ತು. ಯುದ್ಧದ ದೃಶ್ಯವಿದ್ದ ದಿನ ಅವನು ಟೀ ಲೋಟದ ಮೇಲೆ ತಟ್ಟೆ ಮುಚ್ಚಿಡುತ್ತಿದ್ದ. ಗೋಡೆಗೆ ಆನಿಸಿದ ಹಲಗೆಯಲ್ಲಿ ಮರದ ತಲೆಗಳು ಸಾಲಾಗಿ ಕೂತಿದ್ದವು. ಆ ತಲೆಗಳಿಗೆ ಬಲೆಯಂಥ ತೆಳು ಬಟ್ಟೆ ಬಿಗಿದು, ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಎಳೆದು ಗಂಟು ಹಾಕುತ್ತಾ ಕೂರುವುದು ಅವನ ಕೆಲಸ. ಒಂದು ಸಾಧಾರಣ ಮೀಸೆಗೇ ಸಾವಿರದ ಮೇಲೆ ಗಂಟು ಬೇಕು.

ಅಂಟು ಹಚ್ಚುವಾಗ ನಟರು ಅಲುಗಾಡಬಾರದಲ್ಲ. ಅದಕ್ಕೆ ಗಡ್ಡಪ್ಪ ಒಂದು ಉಪಾಯ ಕಂಡುಕೊಂಡಿದ್ದ. ಹಳೆಯ ಕಾಲದ ಗಡ್ಡಮೀಸೆಗಳ ಸಂಗತಿ ಹೇಳುತ್ತಾ ಅವರನ್ನು ಕೂರಿಸುತ್ತಿದ್ದ. ರಷ್ಯದ ದೊರೆಯೊಬ್ಬ ಗಡ್ಡಕ್ಕೆ ತೆರಿಗೆ ಹಾಕಿ, ಕಟ್ಟಿದವರಿಗೆ ಬಿಲ್ಲೆ ಕೊಡಿಸುತ್ತಿದ್ದ. ಈಜಿಪ್ಟಿನಲ್ಲಿ ರಾಣಿಯೊಬ್ಬಳು ಸಿಂಹಾಸನ ಏರಿದ ಮೇಲೆ ತನ್ನ ವಿಗ್ರಹಗಳಿಗೆಲ್ಲ ಕಟ್ಟುಗಡ್ಡ ಕೆತ್ತಿಸಿಕೊಂಡಳು. ಇಂಗ್ಲೆಂಡಿನ ಸಿಪಾಯಿಗಳು ಒಂದು ಕಾಲಕ್ಕೆ ಮೀಸೆ ಬೋಳಿಸುವಂತೆಯೇ ಇರಲಿಲ್ಲ. ಇಂಥವನ್ನೆಲ್ಲ ಅವನು ಒಂದು ನೋಟ್‌ಬುಕ್ಕಿನಲ್ಲಿ ಹಿಂದಿನ ಪುಟದಿಂದ ಬರೆಯುತ್ತಾ ಬಂದಿದ್ದ. ಅದೇ ಪುಸ್ತಕದ ಮುಂದಿನ ಪುಟದಿಂದ ಅವನ ಹೆಂಡತಿ ಅಡುಗೆ ಬರೆಯುತ್ತಿದ್ದಳು. ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದವಳು ಅವಳು. ಅಳತೆ ಅಂತ ಒಂದೂ ಬರೆದವಳಲ್ಲ. ‘ಉಪ್ಪು ಎಂದಿನಷ್ಟು’, ‘ವಾಸನೆ ಬರುವವರೆಗೆ’, ‘ಸಾಕು ಅನ್ನಿಸಿದಾಗ ಇಳಿಸು’, ಇಷ್ಟೇ.

ಒಂದು ಮಂಗಳವಾರ ಮಧ್ಯಾಹ್ನ ಆ ಹದಿನಾಲ್ಕು ಮೆಟ್ಟಿಲು ಇಳಿದು ಒಬ್ಬ ಬಸ್ ಡ್ರೈವರ್ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಸಮವಸ್ತ್ರದಲ್ಲೇ ಇದ್ದ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದ.

“ಯಜಮಾನ್ರೇ, ಮೀಸೆ ಮಾಡೋರು ನೀವೇನಾ?”

“ನಾನೇ. ಯಾವ ನಾಟಕಕ್ಕೆ?”

“ನಾಟಕಕ್ಕಲ್ಲ. ನಂಗೆ.”

ಕರವಸ್ತ್ರ ತೆಗೆದ. ಮೇಲ್ದುಟಿಯ ಬಲಭಾಗದಲ್ಲಿ ಮೂಗಿನ ಹೊಳ್ಳೆಯಿಂದ ಬಾಯಿಯ ಮೂಲೆಯವರೆಗೆ ನಸುಗೆಂಪು ಗೆರೆ, ನೆರಿಗೆ ಹಿಡಿದ ಬಟ್ಟೆಯಂತೆ. ಅಲ್ಲೊಂದು ಗಂಟು ಎದ್ದಿತ್ತಂತೆ, ಡಾಕ್ಟರು ತೆಗೆದಿದ್ದರು. ಜೀವಕ್ಕೇನೂ ಅಪಾಯವಿಲ್ಲ ಎಂದೂ ಹೇಳಿದ್ದರು. ಆದರೆ ಆ ಕಡೆ ಇನ್ನು ಕೂದಲು ಬರುವುದಿಲ್ಲ. ಎಡಕ್ಕೆ ಬರುತ್ತದೆ, ಬಲಕ್ಕೆ ಇಲ್ಲ. ಅರ್ಧ ಮೀಸೆ ಇಟ್ಟುಕೊಂಡು ಓಡಾಡುವುದು ಹೇಗೆಂದು ಪೂರ್ತಿ ಬೋಳಿಸಿಬಿಟ್ಟಿದ್ದ.

“ಹೋಗ್ಲಿ ಬಿಡಿ, ಈಗ ಎಷ್ಟು ಜನ ಮೀಸೆ ಇಟ್ಕೊಂಡಿದಾರೆ?” ಎಂದ ಗಡ್ಡಪ್ಪ, ತನ್ನ ನುಣ್ಣನೆಯ ತುಟಿ ಮುಟ್ಟಿಕೊಂಡು.

“ನಿಮ್ದು ಬೇರೆ ಯಜಮಾನ್ರೇ. ದಿನಕ್ಕೆ ಸಾವಿರ ಸಲ ಕನ್ನಡಿ ನೋಡೋ ಕೆಲಸ ನಂದು. ಹಿಂದೆ ಯಾರು ಇಳಿದ್ರು, ಯಾರು ಹತ್ತಿದ್ರು ಅಂತ ನೋಡೋಕೆ ಹೋದ್ರೆ ಮೊದಲು ಕಾಣೋದು ಇದೇ. ಅವರೂ ಅದೇ ಕನ್ನಡೀಲಿ ನನ್ನೇ ನೋಡ್ತಿರ್ತಾರೆ. ಮೊನ್ನೆ ಒಬ್ಬರನ್ನ ಎರಡು ಸ್ಟಾಪು ದಾಟಿಸಿ ಇಳಿಸ್ದೆ. ಕನ್ನಡಿ ನೋಡೋದನ್ನೇ ಬಿಟ್ಟಿದ್ದೆ.”

ಗಡ್ಡಪ್ಪ ದೀಪ ಹತ್ತಿರಕ್ಕೆಳೆದು, ಸೊಟ್ಟಗಿದ್ದ ಸ್ಟೂಲನ್ನು ಕಾಲಿನಿಂದ ತಳ್ಳಿಕೊಟ್ಟ. “ಕೂತ್ಕೊಳ್ಳಿ. ಹಳೇ ಫೋಟೋ ಇದ್ಯಾ?” ಎಂದ. ಕಾಗದದ ಮೇಲೆ ತುಟಿಯ ಅಳತೆ ಗುರುತು ಮಾಡುತ್ತಾ ರೂಢಿಯಂತೆ ಕಥೆ ಶುರುಮಾಡಿದ: “ರೋಮಿನಲ್ಲಿ ಒಬ್ಬ ದೊರೆ ಇದ್ದ. ಮುಖದ ಮೇಲಿನ ಕಲೆ ಮುಚ್ಚೋಕೆ ಗಡ್ಡ ಬಿಟ್ಟ ಅಂತಾರೆ. ಅಲ್ಲೀವರೆಗೂ ದೊರೆಗಳೆಲ್ಲ ನುಣ್ಣಗೆ ಬೋಳಿಸೋರು. ಇವನು ಬಿಟ್ಟಿದ್ದೇ ತಡ, ಎಲ್ಲರೂ ಬಿಟ್ರು.”

“ಅವನು ಬಸ್ ಓಡಿಸ್ತಿರಲಿಲ್ವಲ್ಲ,” ಎಂದ ಡ್ರೈವರ್.

ಮೀಸೆ ಕಟ್ಟಲು ಹನ್ನೊಂದು ದಿನ ಹಿಡಿಯಿತು. ನಾಟಕದ ಮೀಸೆ ಎಂದರೆ ಕೊನೆಯ ಸಾಲಿನವರಿಗೆ ಕಂಡರಾಯಿತು, ಹತ್ತಿರದಿಂದ ನೋಡಿದರೆ ಪೊರಕೆ. ಇದು ಹಾಗಲ್ಲ, ಒಂದು ಮೊಳ ದೂರ ನಿಂತು ಟಿಕೆಟ್ ಕೊಡುವ ಕಂಡಕ್ಟರಿಗೂ ಗೊತ್ತಾಗಬಾರದು. ಗಡ್ಡಪ್ಪ ಕಪ್ಪು ಕೂದಲಿನ ನಡುವೆ ಅಲ್ಲೊಂದು ಇಲ್ಲೊಂದು ನರೆ ಸೇರಿಸಿದ. ಬುಡದಲ್ಲಿ ತೆಳುವಾಗಿಸಿದ. ಫೋಟೋದಲ್ಲಿ ಬಲತುದಿ ಎಡತುದಿಗಿಂತ ಕೊಂಚ ಕೆಳಗೆ ಬಾಗಿತ್ತು, ಅದನ್ನೂ ಹಾಗೇ ಬಾಗಿಸಿದ.

ಪೇಚಾಟ ಶುರುವಾದದ್ದು ಅಂಟಿನಿಂದ. ರಂಗಮಂದಿರದ ಅಂಟಿನಲ್ಲಿ ಸ್ಪಿರಿಟ್ ಇರುತ್ತದೆ. ಹೊಸ ಗಾಯದ ಕಲೆಗೆ ಅದು ತಾಗಿದ್ದೇ ತಡ, ಡ್ರೈವರ್ ಸ್ಟೂಲಿನಿಂದ ಎದ್ದು ಕುಣಿದುಬಿಟ್ಟ. ಕಣ್ಣಲ್ಲಿ ನೀರು ಬಂತು. ತುಟಿ ಎರಡು ದಿನ ಊದಿಕೊಂಡಿತ್ತು.

ಆ ಸಂಜೆ ಗಡ್ಡಪ್ಪ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಚಾಕು ಕೆಳಗಿಟ್ಟಳು.

“ಅಲ್ಲಾರೀ, ಮುಖಕ್ಕೆ ಹಚ್ಚೋದು ಅಂದ್ರೆ ಬಾಯಿಗೆ ಇಡಬಹುದಾದ್ದನ್ನ ಹಚ್ಚಬೇಕಪ್ಪ. ಬಾಗಿಲಿಗೆ ಬಣ್ಣ ಹೊಡೀತಿದ್ದೀರಾ ನೀವು?”

“ಹಾಗಂತ ಗಂಜಿ ಹಚ್ಚಲಾ?”

“ಹಚ್ಚಿ ನೋಡೋಣ. ಮೊದಲು ನಿಮ್ಮ ತುಟಿಗೇ.”

ಹೀಗೆ, ಜನ್ಮದಲ್ಲಿ ಮೀಸೆ ಕಾಣದ ಗಡ್ಡಪ್ಪ ಐವತ್ತಾರನೆಯ ವಯಸ್ಸಿನಲ್ಲಿ ಮೀಸೆ ಹೊತ್ತ. ರಂಗಮಂದಿರದ ಪೆಟ್ಟಿಗೆಯಿಂದ ಯಾವುದೋ ಹಳೆಯ ನಾಟಕದ ಇನ್‌ಸ್ಪೆಕ್ಟರನ ಮೀಸೆ ತಂದಿದ್ದ. ಹೆಂಡತಿ ಮೈದಾಹಿಟ್ಟು ಕುದಿಸಿ ಗಂಜಿ ಮಾಡಿ ಅಂಟಿಸಿದಳು. ಒಣಗಿದಾಗ ಕಲ್ಲಿನಂತೆ ನಿಂತಿತು. ಊಟಕ್ಕೆ ಕೂತು ಎರಡನೆಯ ಚಮಚ ಸೂಪು ಬಾಯಿಗಿಟ್ಟಾಗ ಹಬೆ ತಾಗಿ ಮೆತ್ತಗಾಗಿ, ಮೀಸೆ ಇಡಿಯಾಗಿ ಬಟ್ಟಲಿಗೆ ಬಿತ್ತು.

“ಹಿಂದಿನ ಕಾಲದಲ್ಲಿ ಮೀಸೆ ನೆನೀಬಾರ್ದು ಅಂತ ಒಳಗಡೆ ಅಂಚು ಇರೋ ಬಟ್ಟಲು ಮಾಡಿದ್ರಂತೆ,” ಎಂದ ಗಡ್ಡಪ್ಪ, ಮೀಸೆಯನ್ನು ಎರಡು ಬೆರಳಲ್ಲಿ ಎತ್ತುತ್ತಾ.

“ಇತಿಹಾಸ ಆಮೇಲೆ. ಸೂಪು ಸೋಸ್ಕೊಂಡು ಕುಡೀರಿ.”

ಎರಡನೆಯ ಸಲ ಸಕ್ಕರೆ ಪಾಕ ಬೆರೆಸಿದಳು. ಅದು ಗಟ್ಟಿಯಾಗಿ ಹಿಡಿಯಿತು, ಆದರೆ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ ಗಡ್ಡಪ್ಪನ ಮೂಗಿನ ಕೆಳಗೆ ಇರುವೆ ಸಾಲುಗಟ್ಟಿದವು. ಮೊಟ್ಟೆಯ ಬಿಳಿಯನ್ನೂ ನೋಡಿದ್ದಾಯಿತು. ಆ ವಾಸನೆಗೆ ಅವನು ಅರ್ಧ ಗಂಟೆಯೂ ತಡೆಯಲಿಲ್ಲ. ಕೊನೆಗೆ ಅವಳು ತಿನ್ನುವ ಗೋಂದನ್ನು ನೆನೆಹಾಕಿ, ಅಗಸೆ ಬೀಜ ಕುದಿಸಿ ತೆಗೆದ ಲೋಳೆಯ ಜೊತೆ ಸಣ್ಣ ಉರಿಯಲ್ಲಿ ಕಲಕಿ, ತಣ್ಣಗಾದ ಮೇಲೆ ಎರಡು ಹನಿ ಗ್ಲಿಸರಿನ್ ಬಿಟ್ಟಳು. ಎಷ್ಟು ಗೋಂದು, ಎಷ್ಟು ಲೋಳೆ ಎಂದು ಕೇಳಿದರೆ ಎಂದಿನ ಉತ್ತರವೇ: “ಸಾಕು ಅನ್ನಿಸೋಷ್ಟು.” ಅವನು ಕೂದಲು ತೂಗುವ ಪುಟ್ಟ ತಕ್ಕಡಿ ತಂದು, ಅವಳು ಹಾಕುವ ಮುಂಚೆ ಒಂದೊಂದನ್ನೂ ತೂಗಿ ಬರೆದುಕೊಂಡ. ಬರೆದದ್ದು ಪುಸ್ತಕದ ಮುಂದಿನ ಭಾಗದಲ್ಲಿ, ಅವಳ ಪುಟದಲ್ಲಿ. ಅವಳು ಹುಬ್ಬು ಗಂಟಿಕ್ಕಿದಳು, ಆದರೆ ಆ ಪುಟ ಹರಿದುಹಾಕಲಿಲ್ಲ.

ಆ ಅಂಟನ್ನು ಹಚ್ಚಿಕೊಂಡು ಗಡ್ಡಪ್ಪ ಐದು ದಿನ ಓಡಾಡಿದ. ರಂಗಮಂದಿರದ ಕಾವಲುಗಾರ ಗೇಟಿನಲ್ಲಿ ತಡೆದು, ಯಾರು ಬೇಕಾಗಿತ್ತು ಎಂದು ವಿಚಾರಿಸಿದ. ತರಕಾರಿ ಅಂಗಡಿಯವಳು ಹತ್ತು ವರ್ಷದಲ್ಲಿ ಮೊದಲ ಸಲ “ಸಾಹೇಬ್ರೇ” ಎಂದಳು. ತೂಕಕ್ಕೆ ಮೇಲೆ ಎರಡು ಟೊಮೆಟೊ ಹಾಕಿದಳು. ಗಡ್ಡಪ್ಪನಿಗೆ ಒಳಗೊಳಗೇ ಹಿತವಾಗಿತ್ತು; ನಡಿಗೆಯೂ ಸ್ವಲ್ಪ ಬದಲಾಯಿತು. ಆರನೆಯ ದಿನ ಹೆಂಡತಿ ತಟ್ಟೆ ಮುಂದಿಡುತ್ತಾ, “ಇನ್ನು ತೆಗೀರಿ ಸಾಕು. ಯಾರೋ ಬೇರೆ ಗಂಡಸಿಗೆ ಊಟ ಬಡಿಸಿದ ಹಾಗಿದೆ,” ಎಂದಳು. ಬಿಸಿನೀರಿಗೆ ಮೀಸೆ ಸಲೀಸಾಗಿ ಬಿಟ್ಟುಕೊಂಡಿತು. ತುಟಿ ಕೆಂಪಾಗಿರಲಿಲ್ಲ, ಉರಿಯೂ ಇರಲಿಲ್ಲ. ಬರೀ ತಣ್ಣಗನ್ನಿಸಿತು.

ಡ್ರೈವರ್ ಬಂದ, ಕೂತ, ಹಚ್ಚಿಸಿಕೊಂಡ. ಕನ್ನಡಿ ಕೊಟ್ಟಾಗ ಮೊದಲು ನೋಡಲಿಲ್ಲ. ನೋಡಿದ ಮೇಲೆ ಬಹಳ ಹೊತ್ತು ಕನ್ನಡಿ ಕೆಳಗಿಡಲಿಲ್ಲ. “ಇದು ನಾನೇ,” ಎಂದ ಅಷ್ಟೆ. ಗಡ್ಡಪ್ಪ ಅಂಟಿನ ಸೀಸೆಯನ್ನು ಕಾಗದದಲ್ಲಿ ಸುತ್ತಿಕೊಟ್ಟು, ಹದಿನೈದು ದಿನಕ್ಕೊಮ್ಮೆ ಹೊಸದು ಒಯ್ಯಬೇಕೆಂದು ಹೇಳಿದ. ಹಳಸುತ್ತದೆ, ಅಡುಗೆಯ ಹಾಗೇ.

ನಾಲ್ಕು ತಿಂಗಳು ಡ್ರೈವರ್ ತಪ್ಪದೆ ಬಂದ. ಗಡ್ಡಪ್ಪನ ಹೆಂಡತಿ ಸೀಸೆ ತುಂಬಿಸಿಡುತ್ತಿದ್ದಳು. ಐದನೆಯ ತಿಂಗಳು ಬರಲಿಲ್ಲ. ಗಡ್ಡಪ್ಪ ಎರಡು ಸೀಸೆ ಚೆಲ್ಲಿದ. ಬೇಸಿಗೆ ಬಂದಿತ್ತು.

ಒಂದು ದಿನ ಬಟ್ಟೆ ಅಂಗಡಿಗೆ ಹೊರಟವನು ಬಸ್ಸು ಹತ್ತಿದ. ಡ್ರೈವರನ ಸೀಟಿನಲ್ಲಿ ಅವನೇ. ತುಟಿ ಬೋಳು. ಗೆರೆ ಬೆಳ್ಳಗಾಗಿತ್ತು, ಆದರೆ ಎದ್ದು ಕಾಣುತ್ತಿತ್ತು. ಗಡ್ಡಪ್ಪ ಮುಂದಿನ ಸೀಟಿನಲ್ಲಿ ಕೂತ. ಇಬ್ಬರಿಗೂ ಒಂಥರಾ ಮುಜುಗರ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಡ್ರೈವರ್ ತಿರುಗಿದ.

“ಬೈಬೇಡಿ ಯಜಮಾನ್ರೇ. ಬರ್ಬೇಕು ಅಂತಿದ್ದೆ.”

“ಯಾಕೆ, ಉರೀತಾ?”

“ಇಲ್ಲಪ್ಪ. ಬೇಸಿಗೆ ಬಂತಲ್ಲ, ಇಂಜಿನ್ ಪಕ್ಕ ಕೂತ್ರೆ ಬೆವರು ಇಳೀತದೆ. ಒಂದಿನ ದೊಡ್ಡ ಸರ್ಕಲಲ್ಲಿ ಅರ್ಧ ಕಿತ್ಕೊಂಡು ನೇತಾಡ್ತಿತ್ತು. ಒಂದು ಕೈ ಸ್ಟಿಯರಿಂಗ್, ಒಂದು ಕೈ ಮೀಸೆ. ಗೇರ್ ಹಾಕೋಕೆ ಕೈ ಇಲ್ಲ. ಹಿಂದೆ ಹಾರ್ನ್ ಹೊಡೀತಾವ್ರೆ. ಬಸ್ಸು ತುಂಬ ಜನ. ಏನ್ಮಾಡ್ಲಿ? ಕಿತ್ತು ಜೇಬಿಗೆ ಹಾಕ್ಕೊಂಡು ಗೇರ್ ಹಾಕ್ದೆ.”

“ಆಮೇಲೆ?”

“ಆಮೇಲೇನು! ಎಲ್ಲರೂ ನೋಡಿದ್ರು. ಈಗ ನಗ್ತಾರೆ, ಈಗ ನಗ್ತಾರೆ ಅಂತ ಕಾಯ್ತಿದ್ದೆ. ಒಬ್ಬ ಅಜ್ಜಿ ಎದ್ದು ಮುಂದೆ ಬಂದ್ರು. ಬಂತಪ್ಪ ಅಂದ್ಕೊಂಡೆ. ಆ ಅಜ್ಜಿ, ‘ಮಗಾ, ಇದು ಆಸ್ಪತ್ರೆ ಮುಂದೆ ಹೋಗ್ತದಾ?’ ಅಂತ ಕೇಳಿದ್ರು, ಅಷ್ಟೇ. ಹೋಗ್ತದೆ ಕೂತ್ಕೊಳ್ಳಿ ಅಂದೆ. ಆಸ್ಪತ್ರೆ ಹತ್ರ ಇಳಿಸ್ದೆ. ಮಾರನೇ ದಿನ ಹಚ್ಕೊಳ್ಳೋಕೆ ಕೂತೆ, ಯಾಕೋ ಬೇಡ ಅನ್ನಿಸ್ತು.”

ಹಸಿರು ದೀಪ ಬಂತು. ಬಸ್ಸು ಮುಂದೆ ಹೋಯಿತು. ಗಡ್ಡಪ್ಪನಿಗೆ ಸಂತೋಷವಾಯಿತೋ ಬೇಸರವಾಯಿತೋ ಅವನಿಗೇ ತಿಳಿಯಲಿಲ್ಲ. ಹನ್ನೊಂದು ದಿನದ ಕೆಲಸ; ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಕಟ್ಟಿರಲಿಲ್ಲ. ತನ್ನ ಸ್ಟಾಪು ಬಂದಾಗ ಎದ್ದು ನಿಂತು, ಆದಷ್ಟು ಸಹಜವಾಗಿ ಕೇಳಿದ: “ಮತ್ತೆ ಅದನ್ನ ವಾಪಸ್ ಕೊಡ್ತೀರಾ? ಯಾವುದಾದ್ರೂ ನಾಟಕಕ್ಕಾಗತ್ತೆ.”

“ಅಯ್ಯೋ, ಅದೆಲ್ಲ ಆಗಲ್ಲ,” ಎಂದ ಡ್ರೈವರ್ ಗಾಬರಿಯಿಂದ. “ಅದು ನಂದು. ಫೋಟೋ ತೆಗಿಸ್ಕೊಳ್ಳೋವಾಗ ಬೇಕಲ್ಲ!”

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದ. ಅವಳು ನಕ್ಕಳು, ಆಮೇಲೆ ಅಂಟಿನ ಪಾತ್ರೆಯನ್ನು ಉಜ್ಜಿ ಅಡುಗೆಯ ಪಾತ್ರೆಗಳ ಜೊತೆ ಸೇರಿಸಿಟ್ಟಳು. ಆದರೆ ಅದು ಅಲ್ಲಿ ಬಹಳ ದಿನ ಇರಲಿಲ್ಲ. ಮುಂದಿನ ನಾಟಕದಲ್ಲಿ ಗಂಡುವೇಷ ಹಾಕಬೇಕಿದ್ದ ನಟಿಯೊಬ್ಬಳಿಗೆ ಸ್ಪಿರಿಟ್ ತಾಗಿ ಗಲ್ಲವೆಲ್ಲ ಗುಳ್ಳೆ ಎದ್ದವು. ಗಡ್ಡಪ್ಪ ಮನೆಯ ಅಂಟು ತಂದು ಹಚ್ಚಿದ. ಮರುವಾರ ಬೇರೆ ನಟರೂ ಅದೇ ಬೇಕೆಂದರು. ಆಗಿನಿಂದ ಶನಿವಾರ ಬೆಳಿಗ್ಗೆ ಅವಳು ಒಲೆಯ ಒಂದು ಕಡೆ ಅಂಟು, ಇನ್ನೊಂದು ಕಡೆ ಆಲೂಗಡ್ಡೆ ಬೇಯಿಸತೊಡಗಿದಳು. ಗಡ್ಡಪ್ಪ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು ತೂಕ ಓದಲು ಹೋದರೆ, “ನೀವು ಆ ಕಡೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಆಗ್ತಿದ್ದೀರಿ,” ಎನ್ನುತ್ತಿದ್ದಳು.