ತಬ್ಬಲಿ ಸಾಲುಗಳಿಗೆ ಮನೆ ಹುಡುಕುವ ಕಲೈಸೆಲ್ವಿ

ಮೆಟ್ಟೂರಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಸೇಲಂನ ನೇಕಾರರ ಸಂಘದ ಕಚೇರಿಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಕಲೈಸೆಲ್ವಿ ಟೀ ಲೋಟವನ್ನು ಪಕ್ಕಕ್ಕೆ ಸರಿಸಿ ಕಂಪ್ಯೂಟರಿನಲ್ಲಿ ಟಿಪ್ಪಣಿ ಓದುತ್ತಿದ್ದಾರೆ. ಲೋಕವೆಲ್ಲ ಮೇಲಿನಿಂದ ಓದಿದರೆ ಇವರು ಕೆಳಗಿನಿಂದ. "ತಬ್ಬಲಿಗಳು ಅಲ್ಲೇ ಬಿದ್ದಿರ್ತವೆ" ಎಂದು ನಗುತ್ತಾರೆ.

ಸಂಘಕ್ಕೆ ಮೂರು ಕಂಪ್ಯೂಟರ್: ಕಚೇರಿಯಲ್ಲೊಂದು, ಬಣ್ಣದ ಮನೆಯಲ್ಲೊಂದು, ಮಾರಾಟದ ಅಂಗಡಿಯಲ್ಲೊಂದು. ಮೂರರಲ್ಲೂ ಒಂದೇ ಟಿಪ್ಪಣಿ ಇರಬೇಕು. ಪ್ರತಿ ಸೀರೆಗೆ ಒಂದು ತಾಯಿಸಾಲು, ಅದರಡಿ ಒಳಸರಿದು ಅಂಚು, ಸೆರಗು, ಬಣ್ಣದ ಮರಿಸಾಲುಗಳು. ಇಲ್ಲಿನ ನೇಕಾರರ ಮನೆಮಾತು ಕನ್ನಡವಾದ್ದರಿಂದ ಲಿಪಿ ತಮಿಳು, ಮಾತು ಅರ್ಧ ಕನ್ನಡ. ನೆಟ್ ಹೋದಾಗ ಒಬ್ಬೊಬ್ಬರು ಒಂದೊಂದು ಬರೆದಿರುತ್ತಾರೆ. ನೆಟ್ ಬಂದ ಮೇಲೆ ಕಂಪ್ಯೂಟರ್ ತನಗೆ ತಿಳಿದಷ್ಟು ಕೂಡಿಸುತ್ತದೆ, ತಿಳಿಯದ್ದನ್ನು ಕೊನೆಗೆ ಎಸೆಯುತ್ತದೆ. ದಿನಕ್ಕೆ ನೂರಾರು ಸಾಲು ನೋಡಿ, ಎಸೆದದ್ದನ್ನು ಅದರದರ ಜಾಗಕ್ಕೆ ಸೇರಿಸುವವರು ಕಲೈಸೆಲ್ವಿ. ಈ ಕೆಲಸಕ್ಕೊಂದು ಹೆಸರಿಲ್ಲ. ಸಂಘದವರ ಬಾಯಲ್ಲಿ ಇವರು 'ಟೈಪ್ ಮಾಡೋ ಅಮ್ಮ'.

ತಬ್ಬಲಿಗಳು ಹುಟ್ಟುವುದು ಬಹುಮಟ್ಟಿಗೆ ಬಣ್ಣದ ಮನೆಯ ಸುಬ್ಬರಾಯನ್ ಅವರಿಂದ. ಹಿಂದೆ ಅಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೆಲಸ ಬರೆಯುತ್ತಿದ್ದರು. ಹಂಡೆ ಒಲೆಯಿಂದ ಇಳಿದರೆ ಒದ್ದೆ ಕೈಯಲ್ಲಿ ಒರೆಸುವುದು ಅಲ್ಲಿನ ಪದ್ಧತಿ. ಗೋಡೆ ಹೋಗಿ ಕಂಪ್ಯೂಟರ್ ಬಂದರೂ ಆ ಕೈ ಸುಮ್ಮನಿರುವುದಿಲ್ಲ, ಮುಗಿದ ತಾಯಿಸಾಲನ್ನು ಅಳಿಸಿಬಿಡುತ್ತದೆ. "ಮುಗ್ದಿದ್ದು ಕಣ್ಮುಂದೆ ಇದ್ರೆ ನಂಗೆ ನಿದ್ದೆ ಬರಲ್ಲ ಕಣಮ್ಮ" ಎನ್ನುತ್ತಾರೆ ಸುಬ್ಬರಾಯನ್. ಅದೇ ಹೊತ್ತಿಗೆ ಅಂಗಡಿಯವರು ಆ ಸಾಲಿನಡಿ ಏನಾದರೂ ಬರೆದಿದ್ದರೆ, ಅದು ಬೀದಿಪಾಲು.

ಕಲೈಸೆಲ್ವಿ ನೇಕಾರರ ಮನೆಯ ಮಗಳು. ಮಗ್ಗದ ಮುಂದೆ ಕೂರಲು ಬೆನ್ನು ಬಿಡಲಿಲ್ಲ. ಸಂಘಕ್ಕೆ ಬಿಲ್ ಟೈಪ್ ಮಾಡಲು ಬಂದರು. ಮೊದಲ ವರ್ಷ 'ಇದು ಬೇಡವಂತೆ' ಎಂಬ ತಬ್ಬಲಿ ಸಾಲೊಂದನ್ನು ಕಸವೆಂದು ಅಳಿಸಿದರು. ಅದು ನೇರಳೆ ಸೀರೆಯೊಂದರದ್ದು. ತಪ್ಪು ತಿಳಿಯುವ ಹೊತ್ತಿಗೆ ಚಿನ್ನತಾಯಿ ಎಂಬ ನೇಕಾರ್ತಿ ಮೊಣಕಾಲುದ್ದ ನೇಯ್ದಾಗಿತ್ತು, ಎಲ್ಲ ಕತ್ತರಿಸಬೇಕಾಯಿತು. ಅವರು ಕತ್ತರಿಸಿದ ನೇರಳೆ ಎಳೆಗಳನ್ನು ಗಂಟು ಹಾಕಿ ಮಗ್ಗದ ಕಂಬಕ್ಕೆ ಕಟ್ಟಿದರು. "ಬೈದಿದ್ರೆ ಮರ್ತೋಗ್ತಿತ್ತು. ಆ ಗಂಟು ನೋಡ್ದಾಗೆಲ್ಲ ಆ ಸಾಲೇ ಕಣ್ಮುಂದೆ ಬರ್ತೈತೆ" ಎನ್ನುತ್ತಾರೆ ಕಲೈಸೆಲ್ವಿ.

ಇವತ್ತು ಕೊನೆಯಲ್ಲಿ ಬಿದ್ದಿರುವ ಸಾಲು: 'ಅರಕ್ಕು ಬೇಕಂತೆ, ಹೆಣ್ಣಿನ ಮನೆಯವರು ಹೇಳಿ ಹೋದರು.' ಅರಕ್ಕು ಎಂದರೆ ಕಡುಗೆಂಪು. ಯಾವ ಸೀರೆಗೆ? ಸಾಲು ಹೇಳುವುದಿಲ್ಲ. ಕಲೈಸೆಲ್ವಿ ನಿನ್ನೆಯ ಪ್ರತಿಯನ್ನು ಪಕ್ಕದಲ್ಲಿ ತೆರೆದು, ಸುಬ್ಬರಾಯನ್ ಅಳಿಸಿದ್ದೇನೇನೆಂದು ನೋಡುತ್ತಾರೆ. ಅದರಲ್ಲಿ ಮದುವೆ ಸೀರೆ ಒಂದೇ, ಕಾರಿಮಂಗಲಂ ಊರಿನವರ ಕೆಂಪು ಸೀರೆ. ಅಂಗಡಿಯ ಹರಿಹರನ್‌ಗೆ ಫೋನ್ ಹಚ್ಚುತ್ತಾರೆ. "ಔದಕ್ಕಾ, ಅದೇ. ಬರ್ದಿದ್ನಲ್ಲ!" ಎಂದು ಆತ ಆಕಳಿಸುತ್ತಾನೆ.

ಕೆಂಪು ನೂಲು ನಿನ್ನೆ ಸಂಜೆಯೇ ಚಿನ್ನತಾಯಿಯ ಮನೆ ಸೇರಿದೆ. ಬೆಳಕು ಹರಿದರೆ ಅವರು ಹೊಸ ಎಳೆಗಳನ್ನು ಮಗ್ಗದ ಹಳೆಯ ಎಳೆಗಳಿಗೆ, ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸಲು ಕೂರುತ್ತಾರೆ. ಕೂಡಿಸಿದ ಮೇಲೆ ಬಣ್ಣ ಬದಲಿಸಬೇಕೆಂದರೆ ಕತ್ತರಿಯೇ ಗತಿ. ತಾವು ಅತ್ತೆ ಎಂದೇ ಕರೆಯುವ ಚಿನ್ನತಾಯಿಗೆ ಕಲೈಸೆಲ್ವಿ ಫೋನ್ ಹಚ್ಚುತ್ತಾರೆ.

"ಅತ್ತೆ, ಕೂತ್ಬಿಟ್ರಾ?"

"ಬೆರಳಿಗೆ ಬೂದಿ ಅಚ್ಕಂತಾ ಇವ್ನಿ. ಯಾಕೆ ಕಲೈ?"

"ಕೆಂಪು ಮುಟ್ಬ್ಯಾಡಿ. ಅದು ಇನ್ನೊಂದ್ ಸಲ ಬಣ್ಣದ ಮನೆಗೆ ಓಗ್ಬೇಕು, ಅರಕ್ಕು ಆಗ್ಬೇಕಂತೆ."

ಆ ಕಡೆ ನೀರಿನ ಸದ್ದು, ಚಿನ್ನತಾಯಿ ಕೈ ತೊಳೆಯುತ್ತಿದ್ದಾರೆ. ಕಲೈಸೆಲ್ವಿ ಉಸಿರು ಬಿಟ್ಟು, ಅಳಿಸಿದ ತಾಯಿಸಾಲನ್ನು ಮತ್ತೆ ತಂದು ಮರಿಸಾಲನ್ನು ಅದರಡಿ ಕೂರಿಸುತ್ತಾರೆ. ಸುಬ್ಬರಾಯನ್‌ಗೂ ಸುದ್ದಿ ಮುಟ್ಟುತ್ತದೆ. ಕೆಂಪಿನ ಮೇಲೆ ಅರಕ್ಕು ಏರಿಸುವುದು ದೊಡ್ಡ ಮಾತಲ್ಲ, ಆದರೆ ಮುಗಿದರೆ ಮತ್ತೆ ಅಳಿಸುವುದೇ ಎಂದು ಅವರ ಪಟ್ಟು.

ಆಮೇಲೆ ಚಿನ್ನತಾಯಿಯೇ ತಿರುಗಿ ಫೋನ್ ಮಾಡಿ ಕೇಳುತ್ತಾರೆ: "ಈ ಸಲ ನೂಲು ಉಳಿಸ್ಬಿಟ್ಟೆ. ಕಂಬದಾಗಿನ ಆ ನೇರಳೆ ಗಂಟು ಬಿಚ್ಚಾಕ್ಲೇನು ಕಲೈ?"

ಕಲೈಸೆಲ್ವಿ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

"ಬಿಚ್ಬ್ಯಾಡಿ ಅತ್ತೆ. ಈ ಸೀರೆ ಮಗ್ಗದಿಂದ ಇಳಿದ್ಮೇಲೆ ಉಳಿಯೋ ನೂಲಲ್ಲಿ ನಾಕ್ ಎಳೆ ಅದರ ಪಕ್ಕ ಕಟ್ಟಿ. ಉಳಿದಿದ್ದೂ ಕಾಣ್ಲಿ."