ಗಾಳಿಯ ಪೈಪಿಗೆ ಹಾಕಿದ ಸೀಲು

ಮಾಲು ಹಳೆಯದು, ಆದರೆ ಗಟ್ಟಿ. ಬೆನ್ನು ಬಾಗಿಲ್ಲ, ಕಣ್ಣು ಮಂಜಾಗಿಲ್ಲ, ಹಲ್ಲುಗಳೆಲ್ಲ ಸ್ವಂತದ್ದೇ. ಐಬು ಒಂದೇ: ಯಾರನ್ನೂ ನಂಬುವುದಿಲ್ಲ. ಕಾರಿನ ಹಳೆಯ ಬಿಡಿಭಾಗಗಳ ವ್ಯಾಪಾರದಲ್ಲೇ ತಲೆ ನರೆಸಿಕೊಂಡವನು ನಾನು. ಮೀಟರ್ ಅಣ್ಣನಿಗೆ ಬೆಲೆ ಕಟ್ಟು ಎಂದರೆ ಒಳ್ಳೆಯ ಬೆಲೆಯನ್ನೇ ಕಟ್ಟುತ್ತೇನೆ. ಕೊಂಡುಕೊಳ್ಳುವುದು ಮಾತ್ರ ಬೇರೆಯವರಿಗಿರಲಿ.

ಅವರು ಕರೆಂಟ್ ಆಫೀಸಿನಲ್ಲಿ ಮೀಟರ್ ನೋಡುತ್ತಿದ್ದವರು. ಮೀಟರಿಗೆ ತಂತಿ ಸುತ್ತಿ, ಸೀಸದ ಗುಂಡು ಒತ್ತಿ ಸೀಲು ಮಾಡುವುದು, ಮುಂದಿನ ಸಲ ಬಂದಾಗ ಯಾರು ಬಿಚ್ಚಿದ್ದಾರೆಂದು ಹಿಡಿಯುವುದು ಅವರ ಕಸುಬು. ನಿವೃತ್ತರಾದ ದಿನ ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದರು, ತಂತಿಯ ಉಂಡೆಯನ್ನು ಮನೆಗೆ ತಂದರು. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಸೀಲು ಬಿತ್ತು, ಹಿತ್ತಲ ಬಾಗಿಲಿಗೂ ಬಿತ್ತು. ಅವರ ತಮ್ಮನ ಹೆಂಡತಿ ಒಮ್ಮೆ ನನ್ನೆದುರಿಗೇ, "ಭಾವಾ, ಸಕ್ಕರೆ ಡಬ್ಬಿಗೂ ಒಂದು ಹಾಕ್ಬಿಡಿ, ಇರುವೆ ಸಿಕ್ಕಿಬೀಳ್ಲಿ" ಎಂದಳು. ಅಣ್ಣ ನಗಲಿಲ್ಲ. ಯೋಚನೆ ಮಾಡುತ್ತಿದ್ದರೇನೋ.

ಕೆಳಗಿನ ಮನೆಯಲ್ಲಿ ಅಣ್ಣ, ಮಹಡಿಯಲ್ಲಿ ತಮ್ಮ. ಅಪ್ಪ ಬಿಟ್ಟುಹೋದ ಕಾರು ಇಬ್ಬರಿಗೂ ಸೇರಿದ್ದು. ಒಂದು ವಾರ ಇವರದು, ಒಂದು ವಾರ ಅವನದು. ತಮ್ಮ ಔಷಧಿ ಅಂಗಡಿಗಳಿಗೆ ಮಾಲು ಹಂಚುವವ, ಊರೆಲ್ಲ ಸುತ್ತುತ್ತಾನೆ. ಅವನ ಮೆಕ್ಯಾನಿಕ್ ಒಳ್ಳೆಯ ಸಾಮಾನು ಕದ್ದು ಹಳೆಯದನ್ನು ಕೂರಿಸುತ್ತಾನೆಂದು ಅಣ್ಣನಿಗೆ ಗುಮಾನಿ. ಅದಕ್ಕಾಗಿ ಬಾನೆಟ್ ಎತ್ತಿ, ಗಾಳಿ ಸೋಸುವ ಡಬ್ಬದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿಗೂ ತಂತಿ ಬಿಗಿದು ಸೀಲು ಮಾಡಿಟ್ಟರು.

ಕೆಲವು ತಿಂಗಳಲ್ಲಿ ಕಾರು ನಡುಗತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಆಫ್. ಕಾಲೊತ್ತಿದರೆ ಕೆಮ್ಮು, ಒಮ್ಮೊಮ್ಮೆ ಪಟಾರ್ ಎಂಬ ಸದ್ದು. ಎಂಜಿನ್ನಿನ ಹಳದಿ ದೀಪ ಆರಲೇ ಇಲ್ಲ. ಒಳಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹೊಟ್ಟೆಗಿಲ್ಲದವನ ಕೈಲಿ ಮೂಟೆ ಹೊರಿಸಿದಂತೆ.

"ನಿನ್ ವಾರದಲ್ಲೇ ಕೆಟ್ಟಿದ್ದು. ಏನೋ ಮಾಡಿದ್ದೀಯ" ಎಂದರು ಅಣ್ಣ.

ತಮ್ಮ ಮೆಟ್ಟಿಲ ಮೇಲಿಂದಲೇ ಹೇಳಿದ: "ಅಣ್ಣಾ, ನಾನೇ ಕೆಡಿಸಿದ್ದು ಅಂತ ಇನ್ನೊಂದ್ಸಲ ಅಂದ್ರೆ ನಾವು ಬೇರೆ ಮನೆ ನೋಡ್ಕೋತೀವಿ."

"ಭಾನುವಾರ ಬಿಚ್ಚಿ ನೋಡ್ತೀನಿ. ಆಮೇಲೆ ಮಾತಾಡು."

ಭಾನುವಾರ ಸಾಕ್ಷಿಗೆಂದು ನನ್ನನ್ನು ಕರೆದರು. ಬೇಕಾದ ಸಾಮಾನು ನನ್ನ ಅಂಗಡಿಯಲ್ಲೇ ಸಿಗುತ್ತದೆಂಬ ಲೆಕ್ಕವೂ ಇತ್ತು ಅನ್ನಿ. ಮೆಟ್ಟಿಲ ಕೆಳಗೆ ನಿಂತ ಕಾರಿನ ಬಾನೆಟ್ ಎತ್ತಿ ಮೊದಲು ಸೀಲು ನೋಡಿದರು. ಇಟ್ಟ ಹಾಗೇ ಇತ್ತು.

"ಸೀಲು ಮುರಿದಿಲ್ವಲ್ಲಣ್ಣ" ಎಂದೆ.

"ಅದೇ ನೋಡಿ ಸಾವ್ಕಾರ್ರೇ, ಮತ್ತೆ ಸೀಲ್ ಹಾಕೋದನ್ನೂ ಕಲ್ತಿದ್ದಾನೆ!"

ಇಂಥ ಗಿರಾಕಿಗೆ ಏನು ಹೇಳುತ್ತೀರಿ?

ಕೆಲಸ ಮಾತ್ರ ಅಚ್ಚುಕಟ್ಟು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರೆ ಮೂತಿ ಸುಣ್ಣ ಬಳಿದಂತೆ ಬೆಳ್ಳಗೆ, ಪೆಟ್ರೋಲ್ ಸಾಲದ ಗುರುತು. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು, ನಡುಕ ನಿಲ್ಲಲಿಲ್ಲ. ಗಾಳಿ ಅಳೆಯುವ ಸೆನ್ಸರನ್ನು ತೊಳೆದು ಒಣಗಿಸಿ ಕೂರಿಸಿದರು, ಆಗಲೂ ನಿಲ್ಲಲಿಲ್ಲ. "ಕಲಬೆರಕೆ ಪೆಟ್ರೋಲ್ ಹಾಕ್ಸಿರ್ಬೇಕು" ಎಂದು ಮಹಡಿಗೆ ಕೇಳುವಂತೆ ಗೊಣಗಿದರು. ಕೊನೆಗೆ ಗಿಡಕ್ಕೆ ನೀರು ಬಿಡುವ ಪೈಪಿನ ತುಂಡನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸತೊಡಗಿದರು. ಒಂದು ಕಡೆ ಕೈ ನಿಂತಿತು.

"ಉಸಿರು ಎಳೀತಾ ಇದೆ ಇಲ್ಲಿ."

ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇಯನ್ನು ಅಲ್ಲಿಗೆ ಚೂರು ಹೊಡೆದರು. ಎಂಜಿನ್ನಿನ ಸದ್ದು ಏರಿ ಇಳಿಯಿತು. ಸೋರಿಕೆ ಅಲ್ಲೇ. ಅಳತೆ ತಪ್ಪಿಸಿಕೊಂಡ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿತ್ತು.

ಎಂಜಿನ್ ನಿಲ್ಲಿಸಿ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಕೆಳಬದಿಯಲ್ಲಿ ಉದ್ದಕ್ಕೆ ಸೀಳು, ಸೀಳಿನೊಳಗೆ ಹೂತ ತಂತಿ. ಅವರದೇ ತಂತಿ, ಅವರೇ ಒತ್ತಿದ ಸೀಸದ ಗುಂಡು. ಎಂಜಿನ್ ಅದುರಿದಷ್ಟೂ ತಂತಿ ರಬ್ಬರನ್ನು ಕೊಯ್ದಿತ್ತು.

ಅಣ್ಣ ಸ್ಟೂಲಿನ ಮೇಲೆ ಕುಳಿತರು.

"ಅವನನ್ನ ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು ನಾನು" ಎಂದರು. ಆಮೇಲೆ, "ನೀವೇ ಹೋಗಿ ಹೇಳಿ ಸಾವ್ಕಾರ್ರೇ. ತಪ್ಪು ನಂದು ಅಂತ. ಹೋಗ್ಬೇಡ ಅಂತ."

"ನೀವೇ ಹೇಳಿ ಅಣ್ಣ. ಇಷ್ಟೇ ಮೆಟ್ಟಿಲು."

"ನನಗಾಗಲ್ಲ."

ಹತ್ತಿದೆ. ಮಹಡಿಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಔಷಧಿಯ ಖಾಲಿ ರಟ್ಟಿನ ಡಬ್ಬಗಳಿಗೆ ತುಂಬುತ್ತಿದ್ದರು. ನಾನು ಹೇಳಿದ್ದನ್ನು ತಮ್ಮ ಪೂರ್ತಿ ಕೇಳಿದ.

"ನಂಗೊತ್ತಿತ್ತು" ಎಂದ. "ತಂತಿ ಪೈಪನ್ನ ಕೊಯ್ತಿರೋದು ಆಗಲೇ ನೋಡಿದ್ದೆ."

"ನೋಡಿ ಸುಮ್ನಿದ್ಯೇನಯ್ಯಾ? ಒಂದು ಕಟಿಂಗ್ ಪ್ಲೇಯರ್ ಸಾಕಿತ್ತಲ್ಲ!"

"ತಂತಿ ಕತ್ತರಿಸಿದ್ರೆ ಸೀಲ್ ಮುರಿದ ಕಳ್ಳ ನಾನು. ಬಿಟ್ರೆ ಕಾರ್ ಕೆಡಿಸಿದವನೂ ನಾನೇ. ಯಾವುದಾದ್ರೂ ಒಂದಾಗ್ಬೇಕಿತ್ತಲ್ಲ."

ಅವನ ಹೆಂಡತಿ ಲೋಟ ಸುತ್ತುತ್ತಾ ತಲೆಯೆತ್ತದೆ ಹೇಳಿದಳು: "ಭಾವನಿಗೆ ಹೇಳಿ, ಇವತ್ತಿನ ಕಾರಿನ ಮಾತಿಗಾಗಿ ಮನೆ ಬಿಟ್ಟು ಹೋಗ್ತಿಲ್ಲ ನಾವು, ಇಷ್ಟು ದಿನದ ಸೀಲುಗಳಿಗೆ ಅಂತ."

ಕೆಳಗೆ ಬಂದು ಒಂದಕ್ಷರವೂ ಬಿಡದೆ ಒಪ್ಪಿಸಿದೆ. ವ್ಯಾಪಾರದಲ್ಲಾದರೆ ಅಷ್ಟಿಷ್ಟು ನಯ ಮಾಡುತ್ತಿದ್ದೆ. ಅಲ್ಲಿ ಮನಸ್ಸು ಬರಲಿಲ್ಲ. ಅಣ್ಣ ತಲೆಯಾಡಿಸಿ ಕೈ ಚಾಚಿದರು. ಅಂಗಡಿಯಿಂದ ಹೊಸ ಪೈಪು ತಂದುಕೊಟ್ಟೆ. ಕ್ಲಿಪ್ಪು ಹಾಕಿ ಹದವಾಗಿ ಬಿಗಿದರು. ತಂತಿ ಸುತ್ತಲಿಲ್ಲ. ಕಾರು ಹೊಸದರಂತೆ ಮೆತ್ತಗೆ ಉಸಿರಾಡಿತು, ಹಳದಿ ದೀಪ ಮತ್ತೆ ಹತ್ತಲಿಲ್ಲ.

ಆ ಕಾರಿನಲ್ಲೇ ತಮ್ಮನ ಸಾಮಾನು ಹೊಸ ಬಾಡಿಗೆ ಮನೆಗೆ ಸಾಗಿತು. ಅಣ್ಣನೇ ಓಡಿಸಿದರು; ಡಬ್ಬಗಳ ನಡುವೆ ನಾನೂ ಇದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆಫ್ ಆಗಲಿಲ್ಲ. ಕೊನೆಯ ಡಬ್ಬ ಇಳಿಸಿದ ಮೇಲೆ ಅಣ್ಣ ಕಾರಿನ ಕೀಲಿಯನ್ನು ತಮ್ಮನ ಕೈಗಿಟ್ಟರು. ಅವನು ಅದನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದ.

ನನಗೂ ಒಬ್ಬ ತಮ್ಮನಿದ್ದಾನೆ, ಅಂಗಡಿಯಲ್ಲಿ ಪಾಲುದಾರ. ಅವನು ಊಟಕ್ಕೆ ಹೋದಾಗ ಅವನ ಕಪಾಟನ್ನು ತೆರೆದು ನೋಡುವ ಚಾಳಿ ನನಗಿತ್ತು. ಈಗಿಲ್ಲ. ಅದು ಬಿಟ್ಟುಹೋದದ್ದು ಮೀಟರ್ ಅಣ್ಣನಿಂದ. ಇಷ್ಟರ ಮಟ್ಟಿಗೆ ನಾನು ಅವರಿಗೆ ಋಣಿ.