ಡಿಸ್ಕ್ ಒಂದೋ, ಎರಡೋ

ನಮ್ಮತ್ತಿಗೆ ವನೀಸಾಳ ಕಂಪ್ಯೂಟರನ್ನು ದುಡ್ಡು ಕೊಟ್ಟು ತಂದವನು ನಮ್ಮಣ್ಣ ಮಿಫ್ತಾಹ್. ಅಂಗಡಿಯಿಂದ ಹೆಗಲ ಮೇಲೆ ಹೊತ್ತು ತಂದವನೂ ಅವನೇ. ಆದರೆ ಅದರ ಪರದೆ ಬೆಳಗುವುದನ್ನು ಅವನು ಇವತ್ತಿನವರೆಗೂ ಕಂಡಿಲ್ಲ. ಅಡುಗೆಮನೆಯ ಹಿಂದೆ, ಮೊದಲು ಆಲಿವ್ ಎಣ್ಣೆಯ ಡಬ್ಬ ಇಡುತ್ತಿದ್ದ ಕೋಣೆಯಲ್ಲಿ ಅದು ಕೂತಿದೆ. ಆ ಬಾಗಿಲ ಹತ್ತಿರ ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಒಳಗಿನಿಂದ ಗದರಿಕೆ ಬರುತ್ತದೆ. ಪಾಪ, ಸ್ವಂತ ಮನೆಯಲ್ಲೇ ಕೆಮ್ಮಿಕೊಂಡು ಓಡಾಡುತ್ತಾನೆ.

"ಒಳಗೆ ನೋಟು ಪ್ರಿಂಟ್ ಮಾಡ್ತಿದೀರೇನ್ರೇ?" ಅಂತ ಅಂಗಳದಿಂದಲೇ ಕೂಗುತ್ತಾನೆ.

"ಮಾಡ್ತಿದ್ರೆ ನಿನ್ನ ಸಂಬಳಕ್ಕೆ ಯಾಕೆ ಕಾಯ್ತಿದ್ವಿ, ಹೋಗಣ್ಣ" ಅಂತ ನಾನು ಇಲ್ಲಿಂದ ಕೂಗುತ್ತೇನೆ. ಅವನಿಗೆ ಬಂದರಿನಲ್ಲಿ ಕೆಲಸ. ಸಂಬಳ ಬಂದ ತಿಂಗಳು ನಮಗೆ ಹಬ್ಬ. ಮಿಕ್ಕಂತೆ ಮನೆ ನಡೆಯುವುದು ವನೀಸಾಳ ಕ್ಯಾಮೆರಾದಿಂದ.

ಟ್ರಿಪೋಲಿಯ ಈ ನಮ್ಮ ಸೂಕ್ ಅಲ್-ಜುಮಾದಲ್ಲಿ ಮದುವೆ ಅಂದರೆ ಗಂಡಸರದೇ ಬೇರೆ, ಹೆಂಗಸರದೇ ಬೇರೆ. ಹೆಂಗಸರ ಕಡೆ ಬಾಗಿಲು ಮುಚ್ಚಿತು ಅಂದರೆ ಮುಸುಕು ಕಳಚುತ್ತದೆ, ಕೂದಲು ಬಿಚ್ಚಿಕೊಳ್ಳುತ್ತದೆ, ಪೆಟ್ಟಿಗೆಯಲ್ಲಿದ್ದ ಚಿನ್ನವೆಲ್ಲ ಮೈಮೇಲೆ ಬರುತ್ತದೆ. ಅಜ್ಜಿಯರೂ ಕುಣಿಯುತ್ತಾರೆ. ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತು ಫೋನು ಕಿತ್ತುಕೊಳ್ಳುವ ಕೆಲಸ ನನ್ನದು. "ಬರೀ ಟೈಮ್ ನೋಡಕ್ಕೆ ನಜಿಯಾ" ಅಂತ ಗೋಗರೆಯುವವರೂ ಇದ್ದಾರೆ. ಗೋಡೆ ಮೇಲೆ ಗಡಿಯಾರ ಇದೆ, ನೋಡ್ಕೋ ಹೋಗು ಅನ್ನುತ್ತೇನೆ. ನನ್ನ ಬಾಯಿಗೆ ಹೆದರದವರು ಈ ಓಣಿಯಲ್ಲಿ ಕಡಿಮೆ. ಹಾಗಾಗಿ ಒಳಗೆ ಒಂದೇ ಒಂದು ಕ್ಯಾಮೆರಾ ಇರುತ್ತದೆ, ಅದು ವನೀಸಾಳದು.

ಅವಳು ನನ್ನ ಹಾಗಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದವಳು. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಕ್ಯಾಮೆರಾ ಹಿಡಿದು ಒಬ್ಬೊಬ್ಬರ ಮುಂದೂ ನಿಂತು, "ಬೇಡ ಅನ್ನೋದಿದ್ರೆ ಈಗ್ಲೇ ಹೇಳ್ಬಿಡಿ" ಅಂತ ಕೇಳಿಯೇ ಮುಂದೆ ಹೋಗುತ್ತಾಳೆ. ಬೇಡ ಅಂದವಳು ಮಧ್ಯೆ ಕುಣಿಯುತ್ತಾ ಬಂದರೂ ಕ್ಯಾಮೆರಾ ಪಕ್ಕಕ್ಕೆ ತಿರುಗಿಬಿಡುತ್ತದೆ. ಎಷ್ಟು ಒಳ್ಳೆಯ ದೃಶ್ಯ ಹಾಗೆ ಕೈತಪ್ಪಿತು ಅಂತ ನಾನು ಹೊಟ್ಟೆ ಉರಿದುಕೊಂಡಿದ್ದೇನೆ, ಅವಳಲ್ಲ.

ಈ ಕೆಲಸಕ್ಕೆ ಕಟ್ಟಳೆ ಹಾಕಿದವರು ನಮ್ಮ ಓಣಿಯ ಹಿರಿಯಮ್ಮ, ಹಜ್ ಯಾತ್ರೆ ಮಾಡಿಬಂದ ಹಜ್ಜಾ ಮಬ್ರೂಕಾ. ವನೀಸಾ ಮೊಟ್ಟಮೊದಲು ಚಿತ್ರೀಕರಿಸಿದ್ದು ಅವರ ಮಗಳು ಗಜಾಲಾಳ ಮದುವೆಯನ್ನೇ. ಅವತ್ತು ಹಜ್ಜಾ ಕುರಾನ್ ತಂದು ವನೀಸಾಳ ಕೈ ಅದರ ಮೇಲೆ ಇಡಿಸಿದರು. ಮದುವೆಗೊಂದು ಡಿಸ್ಕ್, ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು; ವಿಡಿಯೋ ಎಲ್ಲ ಅದರಲ್ಲೇ. ಅದನ್ನು ಮನೆಯವರೇ ತಂದುಕೊಡಬೇಕು. ಕತ್ತರಿಸಿ ಜೋಡಿಸುವಾಗ ಆ ಮನೆಯ ಹಿರಿಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿರಬೇಕು. ಕೆಲಸ ಮುಗಿದ ತಕ್ಷಣ ಡಿಸ್ಕ್ ಅವಳ ಜತೆ ಹೊರಟುಹೋಗಬೇಕು. ನಮ್ಮ ಮನೆಯಲ್ಲಿ ಕಾಪಿ ಅನ್ನುವುದು ಉಳಿಯುವ ಹಾಗಿಲ್ಲ. ವನೀಸಾ ಆಣೆ ಮಾಡಿದಳು, ಒಂದು ದಿನವೂ ಮುರಿಯಲಿಲ್ಲ. ಅದಕ್ಕೇ ಆ ಕೋಣೆಯಲ್ಲಿ ಹಾಸಿಗೆ, ದಿಂಬು, ನೊರೆ ಚಹಾ, ಕಡಲೆಬೀಜ ಯಾವಾಗಲೂ ಸಿದ್ಧ. ಕೂತ ಅತ್ತೆಯರು ಚಹಾ ಹೀರುತ್ತಾ, "ನನ್ನ ಸೊಂಟ ಇಷ್ಟು ದಪ್ಪ ಕಾಣುತ್ತಾ? ಕತ್ತರಿಸು" ಅನ್ನುತ್ತಾರೆ. ಯಾವುದನ್ನಮ್ಮಾ, ಸೊಂಟಾನಾ, ದೃಶ್ಯಾನಾ ಅಂತ ನಾನು ಕೇಳುತ್ತೇನೆ.

ಗಜಾಲಾ ಮದುವೆಯಾಗಿ ಬಹಳ ದಿನ ಬದುಕಲಿಲ್ಲ. ಹೆರಿಗೆಯಲ್ಲಿ ಹೋದಳು. ಅಳಿಯ ಇನ್ನೊಂದು ಮದುವೆಯಾಗಿ ಬೆಂಗಾಜಿಗೆ ಹೋದ. ಆ ಡಿಸ್ಕ್ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಹಜ್ಜಾ ಅದರ ಮಾತನ್ನೇ ಎತ್ತಲಿಲ್ಲ. ಕಟ್ಟಳೆಯನ್ನು ಮಾತ್ರ ಇನ್ನಷ್ಟು ಬಿಗಿ ಮಾಡಿದರು.

ಹೋದ ಚಳಿಗಾಲದಲ್ಲಿ ರಬಾಬ್ ಬಂದಳು. ಹಿಂದಿನ ವರ್ಷವಷ್ಟೇ ನಾವು ಅವಳ ಮದುವೆಯ ವಿಡಿಯೋ ಮಾಡಿಕೊಟ್ಟಿದ್ದು. ಅವಳ ಅಮ್ಮ ಹವ್ವಾ ತೀರಿಕೊಂಡು ನಲವತ್ತು ದಿನ ಆಗಿತ್ತು. ಆ ಹೆಂಗಸಿನದು ಗುರುತಿನ ಚೀಟಿಯ ಫೋಟೋ ಬಿಟ್ಟರೆ ಇನ್ನೊಂದು ಇರಲಿಲ್ಲ. ಮಗಳ ಮದುವೆಯಲ್ಲಿ ಕುಣಿದದ್ದೇ ಅವಳ ಏಕೈಕ ಚಿತ್ರ. ಅದು ಇದ್ದ ಡಿಸ್ಕ್ ಕಪಾಟಿನ ಮೇಲಿಂದ ಬಿದ್ದು ಈಗ ಟಕ್ ಟಕ್ ಅನ್ನುತ್ತದೆ, ತೆರೆಯುವುದಿಲ್ಲ.

"ಅಂಗಡಿಯವನು ಬಿಚ್ಚಿ ನೋಡ್ತೀನಿ ಅಂದ ಚಿಕ್ಕಮ್ಮಾ. ಅಪ್ಪ ಬೇಡ ಅಂದ್ರು. ಅವನು ನೋಡಿದ್ರೆ ಅಮ್ಮನ್ನೂ ನೋಡ್ತಾನೆ, ಎಲ್ಲರನ್ನೂ ನೋಡ್ತಾನೆ. ನಿಮ್ಮ ಹತ್ರ ಒಂದು ಕಾಪಿ..."

"ಇಲ್ಲ ಮಗಳೇ" ಅಂದಳು ವನೀಸಾ.

"ಯಾರಿಗೂ ಹೇಳಲ್ಲ ಚಿಕ್ಕಮ್ಮಾ. ನನ್ನಾಣೆ."

"ಇದ್ದಿದ್ರೆ ಕೊಡ್ತಿದ್ದೆ. ನಾನು ಇಟ್ಕೊಳ್ಳೋದಿಲ್ಲ, ನಿನಗೇ ಗೊತ್ತಲ್ಲ."

ಹುಡುಗಿ ಕೈಯಲ್ಲಿದ್ದ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ವನೀಸಾ ಅವತ್ತು ಊಟ ಮಾಡಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೇ ನಮ್ಮ ಹಳೇ ಕಂಪ್ಯೂಟರ್ ಮುಷ್ಕರ ಹೂಡಿತು. ಜಾಗ ಇಲ್ಲ, ಜಾಗ ಇಲ್ಲ ಅಂತ ಬರೆದು ಬರೆದು ನಿಂತುಬಿಡುತ್ತಿತ್ತು. ಹೊಸದು ಕೊಳ್ಳೋಣ ಅಂತ ನಾವಿಬ್ಬರೂ ರಶೀದ್ ಬೀದಿಗೆ ಹೋದೆವು. ಅಂಗಡಿಯ ಹುಡುಗನ ಹೆಸರು ಸಾಸಿ. ಮೀಸೆ ಈಗಷ್ಟೇ ಬಂದಿದೆ, ಮಾತು ಮಾತ್ರ ಮಂತ್ರಿಯದು.

"ಪ್ರೊಸೆಸರ್ ಇದು ಹಾಕೋಣ ಅಕ್ಕಾ, ಎಂಥಾ ಕೆಲಸ ಕೊಟ್ರೂ ನಿಲ್ಲಲ್ಲ. ರ‍್ಯಾಮ್ ಜಾಸ್ತಿ ಇರ್ಲಿ. ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕಿಂತ ದೊಡ್ಡದೇ ಕೊಡ್ತೀನಿ."

"ಅದು ಎಷ್ಟು ಕರೆಂಟ್ ಎಳೆಯುತ್ತೆ?" ಅಂತ ಕೇಳಿದಳು ವನೀಸಾ. "ಕರೆಂಟ್ ಹೋದಾಗ ನಮ್ಮ ಜನರೇಟರ್ ಫ್ರಿಜ್ಜನ್ನೂ ನಡೆಸಬೇಕು, ಇದನ್ನೂ ನಡೆಸಬೇಕು."

ಸಾಸಿ ತಲೆ ಕೆರೆದುಕೊಂಡ. "ಹಾಗಿದ್ರೆ ಮಧ್ಯದ್ದು ಸಾಕು."

"ಫ್ಯಾನ್ ಸದ್ದು ಮಾಡಬಾರದು. ಪಕ್ಕದಲ್ಲಿ ಹಿರಿಯರು ಕೂತಿರ್ತಾರೆ."

"ಬಿಸಿ ಗಾಳಿ ಅವರ ಕಾಲಿಗೆ ಹೊಡೀಬಾರ್ದು" ಅಂತ ನಾನೂ ಸೇರಿಸಿದೆ. "ಬೈಗುಳ ತಿನ್ನೋಳು ನಾನು."

ಹುಡುಗ ನಕ್ಕ. "ಸರಿ. ಡಿಸ್ಕ್? ಒಂದಾ, ಎರಡಾ? ಎರಡು ಹಾಕಿಸ್ಕೊಳ್ಳಿ. ಒಂದರಲ್ಲಿ ಇಟ್ಟಿದ್ದು ಇನ್ನೊಂದರಲ್ಲೂ ತಾನಾಗೇ ಕೂತಿರುತ್ತೆ. ಒಂದು ಕೆಟ್ರೂ ಇನ್ನೊಂದು ಕಾಪಾಡುತ್ತೆ."

ವನೀಸಾಳಿಗೆ ರಬಾಬಳ ಕರವಸ್ತ್ರ ನೆನಪಾಗಿರಬೇಕು. ಆದರೂ, "ಒಂದೇ. ನಮ್ಮಲ್ಲಿ ಎರಡನೇದು ಇರೋ ಹಾಗಿಲ್ಲ" ಅಂದಳು.

ಬಿಲ್ಲು ಬರೆಯುತ್ತಾ ಸಾಸಿ ಸುಮ್ಮನೆ ಮಾತಿಗೆ ಕೇಳಿದ, ಈಗಿರುವ ಕಂಪ್ಯೂಟರ್ ಯಾವುದು, ಕ್ಯಾಮೆರಾ ಯಾವುದು ಅಂತ. ವನೀಸಾ ಹೇಳಿದಳು, ಜಾಗ ಇಲ್ಲ ಅನ್ನುವ ಅದರ ರಗಳೆಯನ್ನೂ ಹೇಳಿದಳು. ಅವನು ಪೆನ್ನು ಕೆಳಗಿಟ್ಟ.

"ತಮಾಷೆ ಮಾಡ್ಬೇಡಿ ಅಕ್ಕಾ. ಆ ಮುದುಕನ ಕೈಲಿ ಈ ಕ್ಯಾಮೆರಾದ ವಿಡಿಯೋ ಎರಡು ಹೆಜ್ಜೆ ಓಡಲ್ಲ."

"ಓಡ್ತಿತ್ತಲ್ಲ, ಚೆನ್ನಾಗೇ ಓಡ್ತಿತ್ತು."

"ಹಾಗಿದ್ರೆ ಅದು ಸಣ್ಣ ಕಾಪಿ ಮಾಡ್ಕೊಂಡು ಓಡಿಸಿರುತ್ತೆ. ಯಂತ್ರಕ್ಕೆ ಶಕ್ತಿ ಇಲ್ಲದಿದ್ರೆ ಸಾಫ್ಟ್‌ವೇರ್ ಹಾಗೆ ಮಾಡುತ್ತೆ. ಪ್ರತಿ ವಿಡಿಯೋಗೂ ಒಂದು ಮಸುಕಾದ ಕಾಪಿ ತನ್ನ ಹೊಟ್ಟೇಲೇ ಇಟ್ಕೊಂಡು, ಕೆಲಸ ಅದರ ಮೇಲೆ. ಕೆಲಸ ಮುಗಿದ ಮೇಲೆ ನಾವೇ ಅಳಿಸ್ಬೇಕು. ಅಳಿಸ್ತಿದ್ರಿ ತಾನೇ?"

ವನೀಸಾ ತಿರುಗಿ ನನ್ನ ಮುಖ ನೋಡಿದಳು.

"ಅದಕ್ಕೇ ಮತ್ತೆ ಜಾಗ ಇಲ್ಲ ಅಂತಿರೋದು" ಅಂದ ಹುಡುಗ. ಅವನಿಗೇನು ಗೊತ್ತು ಪಾಪ, ನಗುತ್ತಲೇ ಇದ್ದ. ಬಿಲ್ಲನ್ನು ಅಲ್ಲೇ ಬಿಟ್ಟು ಎದ್ದುಬಂದೆವು.

ಮನೆಗೆ ಬಂದವಳೇ ಮುಸುಕೂ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತಳು. ಹುಡುಕಿದಳು, ಸಿಕ್ಕಿತು. ಸಾಲಾಗಿ ಹೆಸರುಗಳು. ಕಡೆಯ ಮದುವೆಯಿಂದ ಹಿಡಿದು ಎಲ್ಲಕ್ಕಿಂತ ಕೆಳಗೆ ಗಜಾಲಾಳವರೆಗೆ. ನಮ್ಮ ಓಣಿಯ, ಆಚೆ ಓಣಿಯ ಎಲ್ಲ ಹೆಣ್ಣುಮಕ್ಕಳೂ ನಮ್ಮ ಎಣ್ಣೆ ಕೋಣೆಯಲ್ಲಿ ಇಷ್ಟು ವರ್ಷ ಬಚ್ಚಿಟ್ಟುಕೊಂಡು ಕೂತಿದ್ದರು! ವನೀಸಾ ರಬಾಬಳ ಹೆಸರೊಂದನ್ನು ತೆರೆದು, ಹವ್ವಾ ಇದ್ದಾಳೆ ಅಂತ ಖಾತ್ರಿ ಮಾಡಿಕೊಂಡು, ತಕ್ಷಣ ಮುಚ್ಚಿದಳು.

"ಅಳಿಸು" ಅಂದೆ ನಾನು. "ಈಗ್ಲೇ ಎಲ್ಲ ಅಳಿಸಿ ಕೈ ತೊಳ್ಕೊ. ಯಾರಿಗೂ ಗೊತ್ತಿಲ್ಲ."

"ರಬಾಬ್ ಬಂದು ಕೇಳಿದ್ಲಲ್ಲ ನಜಿಯಾ."

"ಇಲ್ಲ ಅಂದೆ, ಮುಗೀತು. ಸುಳ್ಳೇನೂ ಹೇಳಿಲ್ವಲ್ಲ."

"ಅವತ್ತು ಸುಳ್ಳಾಗಿರ್ಲಿಲ್ಲ. ಇವತ್ತು ಸುಳ್ಳಾಯ್ತು."

"ಹಾಗಾದ್ರೆ ಅವಳೊಬ್ಬಳಿಗೇ ಗುಟ್ಟಾಗಿ ಕೊಡು."

"ಎಲ್ಲಿಂದ ಬಂತು ಅಂತ ಕೇಳಲ್ವಾ? ಅವಳದ್ದು ಇದ್ದ ಮೇಲೆ ಮಿಕ್ಕವರದ್ದೂ ಇರ್ಬೇಕು ಅಂತ ಹೊಳೆಯಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. ಹಜ್ಜಾ ಒಂದು ಮಾತು ಅಂದರೆ ಇನ್ನು ಯಾವ ಮದುವೆಮನೆಯ ಬಾಗಿಲೂ ನಮಗೆ ತೆರೆಯುವುದಿಲ್ಲ. ಮಕ್ಕಳಿಗೆ ಏನು ತಿನ್ನಿಸ್ತೀಯ, ಕ್ಯಾಮೆರಾ ಬೇಯಿಸಿ ಹಾಕ್ತೀಯಾ ಅಂತ ಬಾಯಿಗೆ ಬಂದದ್ದು ಅಂದೆ. ಅವಳು ಎಲ್ಲ ಕೇಳಿಸಿಕೊಂಡು, "ನಾಳೆ ಇಳಿಹೊತ್ತಿನ ಅಸರ್ ನಮಾಜ್ ಆದ್ಮೇಲೆ ಹಜ್ಜಾನೂ ರಬಾಬನ್ನೂ ಕರ್ಕೊಂಡು ಬಾ" ಅಂದಳು. ಹಟಮಾರಿ ಅಂದರೆ ಅವಳೇ. ಗಲಾಟೆ ಮಾಡದ ಹಟಮಾರಿಗಳ ಜತೆ ಏಗುವುದು ಬಲು ಕಷ್ಟ.

ಮರುದಿನ ಇಬ್ಬರೂ ಬಂದರು. ಹಜ್ಜಾ ಹಾಸಿಗೆಯ ಮೇಲೆ ಕೂತು ಚಹಾಕ್ಕೆ ಕೈ ಚಾಚಿದರು. ವನೀಸಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು, ಸಾಸಿ ಹೇಳಿದ್ದು, ತಾನು ಕಂಡದ್ದು. ಹಜ್ಜಾ ಲೋಟ ಕೆಳಗಿಟ್ಟರು.

"ಎಷ್ಟು ಜನರದ್ದು?"

"ಎಲ್ಲರದ್ದೂ, ಹಜ್ಜಾ."

"ಕುರಾನ್ ಮೇಲೆ ಕೈ ಇಟ್ಟಿದ್ದೆ ನೀನು."

"ಇಟ್ಟಿದ್ದೆ. ಗೊತ್ತಿರ್ಲಿಲ್ಲ ಅಂತ ದೇವರಿಗೆ ಗೊತ್ತು. ಆದ್ರೂ ನನ್ನ ಮನೇಲೇ ಇತ್ತು."

ಹಜ್ಜಾ ನನ್ನ ಕಡೆ ತಿರುಗಿದರು. "ಹಿತ್ತಾಳೆ ಒನಕೆ ತಗೊಂಡು ಬಾರೇ."

ಮಸಾಲೆ ಕುಟ್ಟುವ ಗಿಡ್ಡ ಒನಕೆ, ನಮ್ಮಮ್ಮನ ಕಾಲದ್ದು, ಕೈ ಬೀಳುವಷ್ಟು ಭಾರ. ತಂದುಕೊಟ್ಟೆ. ಹಜ್ಜಾ ಅದನ್ನು ತೊಡೆಯ ಮೇಲಿಟ್ಟುಕೊಂಡರು. "ಬಿಚ್ಚು ಅದನ್ನ, ಕುಟ್ಟಿ ಪುಡಿ ಮಾಡ್ತೀನಿ."

"ಬಿಚ್ಚಿ ಕೊಡ್ತೀನಿ. ಅದಕ್ಕೂ ಮುಂಚೆ ಈ ಹುಡುಗಿಗೆ ಅವರಮ್ಮನ್ನ ತೋರಿಸ್ತೀನಿ" ಅಂದಳು ವನೀಸಾ. ಅಪ್ಪಣೆಗೆ ಕಾಯಲಿಲ್ಲ, ಹಾಕಿಯೇಬಿಟ್ಟಳು.

ಚಿತ್ರ ಬಹಳ ಮಸುಕು. ಮುಖ ಅಂದರೆ ಒಂದಿಷ್ಟು ಚೌಕಗಳು, ಕಣ್ಣು ಮೂಗು ಒಂದೂ ತಿಳಿಯುವುದಿಲ್ಲ. ದಪ್ಪನೆಯ ಹೆಂಗಸೊಬ್ಬಳು ಎದ್ದು ಬಂದಳು. ಕುಣಿಯುವವರ ನಡುವೆ ನುಗ್ಗುವ ಮೊದಲು ನಿಂತಳು. ಚಪ್ಪಲಿ ಬಿಚ್ಚಿದಳು. ಬಗ್ಗಿ ಎರಡನ್ನೂ ಜೋಡಿಸಿ ಗೋಡೆಗೆ ಒತ್ತಿಟ್ಟಳು. ಆಮೇಲೆ ಎರಡೂ ಕೈ ಮೇಲೆತ್ತಿದಳು.

"ಕ್ಷಮಿಸು ಮಗಳೇ, ಮುಖ ಕಾಣಲ್ಲ. ಸಣ್ಣ ಕಾಪಿ, ಇಷ್ಟೇ ಉಳಿದಿದ್ದು" ಅಂದಳು ವನೀಸಾ.

"ಚಪ್ಪಲಿ ನೋಡಿ ಚಿಕ್ಕಮ್ಮಾ" ಅಂದಳು ರಬಾಬ್. "ಅಯ್ಯೋ, ಚಪ್ಪಲಿ ಇಟ್ಟಿದ್ದು ನೋಡಿ. ಅಮ್ಮನೇ. ನಾವು ಎಲ್ಲೆಲ್ಲೋ ಬಿಟ್ರೆ ಬೈತಿದ್ಲು." ಪರದೆಯ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಯಾಕೆ ಅಳಬಾರದು? ಹವ್ವಾ ನನ್ನ ಜತೆ ಶಾಲೆಗೆ ಬಂದವಳು.

ರಬಾಬಳಿಗೆ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟು, ವನೀಸಾ ಸ್ಕ್ರೂಡ್ರೈವರ್ ತೆಗೆದುಕೊಂಡು ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. "ಬಿಚ್ಚಲಾ ಹಜ್ಜಾ?"

ಹಜ್ಜಾ ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಣ್ಣು ಪರದೆಯ ಮೇಲಿತ್ತು. ನನಗೆ ಪರಿಚಯವೇ ಇಲ್ಲದ ಒಂದು ದನಿಯಲ್ಲಿ ಕೇಳಿದರು:

"ನನ್ನ ಗಜಾಲಾ ಇದ್ದಾಳಾ ಅದರಲ್ಲಿ?"

"ಹೆಸರಿದೆ ಹಜ್ಜಾ. ನಾನು ತೆರೆದು ನೋಡಿಲ್ಲ."

"ತೆಗಿ."

"ನಾನು ಆಣೆ..."

"ಆಣೆ ಮಾಡಿಸಿದ್ದು ನಾನು ಕಣೇ. ತೆಗಿ."

ಮಸುಕು ಮದುಮಗಳು ಬಂದಳು. ಮುಖ ಇಲ್ಲ, ಬರೀ ಚಿನ್ನದ ಹೊಳಪು. ನಗು ತಡೆಯಲಾರದೆ ಭುಜ ಕುಲುಕುತ್ತಿತ್ತು. ಹಜ್ಜಾ ಅಳಲಿಲ್ಲ. ಮುಗಿದ ಮೇಲೆ, "ಇನ್ನೊಂದ್ಸಲ" ಅಂದರು. ಆಮೇಲೆ ಇನ್ನೊಮ್ಮೆ. ಹೊರಗೆ ಕತ್ತಲಾಗುತ್ತಾ ಬಂತು, ಮಿಫ್ತಾಹ್ ಅಂಗಳದಲ್ಲಿ ಕೆಮ್ಮಿದ. ನಾನು ಮೆಲ್ಲಗೆ ಅವರ ತೊಡೆಯ ಮೇಲಿಂದ ಒನಕೆ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಇಟ್ಟುಬಂದೆ.

ಅಲ್ಲಿಂದಾಚೆ ವನೀಸಾ ಮನೆಮನೆಗೂ ಹೋದಳು, ಹಜ್ಜಾ ಜತೆಗಿದ್ದರು. ಕೆಲವರು ಸಿಟ್ಟಾದರು. ನಮ್ಮ ಕಣ್ಣೆದುರೇ ಅಳಿಸು ಅಂದರು, ಬಂದು ಕೂತು ಅಳಿಸಿ ಹಾಕಿಸಿದರು. ಒಂದು ಮನೆಯವರು ನಮ್ಮ ಜತೆ ಮಾತು ಬಿಟ್ಟಿದ್ದಾರೆ, ಇನ್ನೂ ಆಡುತ್ತಿಲ್ಲ. ಆದರೆ ಬಾಗಿಲ ಸಂದಿಯಲ್ಲಿ ನನ್ನನ್ನು ನಿಲ್ಲಿಸಿ, "ನಜಿಯಾ, ನಮ್ಮಕ್ಕ ಇರ್ತಾಳಾ ಅದರಲ್ಲಿ, ನಮ್ಮಜ್ಜಿ ಇರ್ತಾಳಾ?" ಅಂತ ಪಿಸುಗುಟ್ಟಿದವರೇ ಹೆಚ್ಚು.

ಎಲ್ಲ ಮುಗಿದ ಮೇಲೆ ಮತ್ತೆ ರಶೀದ್ ಬೀದಿಗೆ ಹೋದೆವು, ಈ ಸಲ ಮೂವರು. ಸಾಸಿ ಹಳೇ ಬಿಲ್ಲನ್ನು ಜೋಪಾನವಾಗಿ ಇಟ್ಟಿದ್ದ.

"ಡಿಸ್ಕ್ ಒಂದೇ ಅಂದಿದ್ರಲ್ವಾ ಅಕ್ಕಾ?"

ವನೀಸಾ ಬಾಯಿ ತೆರೆಯುವ ಮೊದಲೇ ಹಜ್ಜಾ, "ಎರಡು" ಅಂದರು. "ಹೊರಗೆ ತೆಗೆಯೋ ಹಾಗಿರಬೇಕು. ಒಂದು ಅವರವರ ಮನೆಗೆ ಹೋಗುತ್ತೆ. ಇನ್ನೊಂದು ನನ್ನ ಪೆಟ್ಟಿಗೇಲಿ, ಬೀಗದೊಳಗೆ."

ಹುಡುಗ ಕುತೂಹಲದಿಂದ ಬಗ್ಗಿದ. "ಅಂಥಾದ್ದೇನಿರುತ್ತೆ ಹಜ್ಜಾ ಅದರಲ್ಲಿ?"

"ನಿನಗ್ಯಾಕೋ ಅದು? ನೀನು ನೋಡೋ ಹಾಗಿಲ್ಲ" ಅಂತ ಗದರಿದರು ಹಜ್ಜಾ. ಗದರಿ, ಮುಸುಕಿನ ಅಂಚನ್ನು ಕಣ್ಣಿಗೆ ಒತ್ತಿಕೊಂಡು, ಬೆನ್ನು ತಿರುಗಿಸಿ ಬೀದಿ ನೋಡುತ್ತಾ ನಿಂತರು.